ಅಂವ ಹಾಂಗ್ ಕಾಂತಿರ್ಲಿಲ್ಲ!

“ಮಾರಾಯ, ಒಂದ್ ಸಲ ನಿನ್ ಫೋನ್ ಕೊಡ್. ನನ್ದ್ ಸ್ವಿಚ್ ಆಫ್ ಆಯ್ತ್.”

ಎಂಜಿನಿಯರಿಂಗ್ ಮೊದಲ ವರ್ಷದ ಎರಡನೇ ಸೆಮಿಸ್ಟರ್. ಸಂಜೆ ಕಾಲೇಜು ಬಿಟ್ಟು ಬಸ್ಸಿಗೆ ಕಾಯುತ್ತಿದ್ದೆವು. ಕೇಳಿದವ ನನ್ನ ಒಳ್ಳೆಯ ಗೆಳೆಯ. ಜ್ವರ ಬಂದು ನಾನು ಒಂದು ವಾರ ಮಲಗಿದ್ದಾಗ ಬ್ರಹ್ಮಾವರದ ನಮ್ಮ ಮನೆಯವರೆಗೂ ಬಂದು ನೋಟ್ಸ್ ಕೊಟ್ಟು ಹೋದವ. ಅಮ್ಮನಿಗೂ ಅವನೆಂದರೆ ಇಷ್ಟ. ಫೋನ್ ಕೊಟ್ಟೆ. ಅವನು ಹತ್ತು ಹೆಜ್ಜೆ ದೂರ ಹೋಗಿ ಯಾರಿಗೋ ಕರೆ ಮಾಡತೊಡಗಿದ. ಆಗ ಅವನ ಅಂಗಿ ಜೇಬಿನೊಳಗೆ ಅವನದೇ ಫೋನಿನ ಬೆಳಕು ಮಿನುಗಿತು. ಸ್ವಿಚ್ ಆಫ್ ಆಗಿರಲೇ ಇಲ್ಲ.

ನಾನು ಅದನ್ನು ನೋಡಿದೆ. ಸುಮ್ಮನಾದೆ. ಈ ಲೇಖನ ಬರೆಯಲು ಆ ಸುಮ್ಮನಾದದ್ದೇ ಕಾರಣ. ಮುಂದೆ ಏನಾಯಿತು ಎಂಬುದನ್ನು ಕೊನೆಗೆ ಹೇಳುತ್ತೇನೆ.

2023ರ ನವೆಂಬರ್ 12, ದೀಪಾವಳಿ. ನಮ್ಮೂರಿನಿಂದ ಹೆಚ್ಚು ದೂರವಿಲ್ಲದ ನೇಜಾರಿನಲ್ಲಿ ಹಾಡಹಗಲೇ ಒಂದೇ ಮನೆಯ ತಾಯಿ ಮತ್ತು ಮೂವರು ಮಕ್ಕಳ ಕೊಲೆಯಾಯಿತು. ಕೆಲವೇ ದಿನಗಳಲ್ಲಿ ಆರೋಪಿಯ ಬಂಧನವೂ ಆಯಿತು. ಪ್ರಕರಣ ನ್ಯಾಯಾಲಯದಲ್ಲಿರುವುದರಿಂದ ಆ ಬಗ್ಗೆ ನಾನು ಹೇಳುವುದೇನೂ ಇಲ್ಲ. ಆದರೆ ಆ ವಾರ ನಮ್ಮೂರ ಹೋಟೆಲಿನಲ್ಲಿ, ಬಸ್ಸಿನಲ್ಲಿ, ಮದುವೆ ಮನೆಯಲ್ಲಿ ಕೇಳಿದ ಒಂದು ಮಾತು ಇನ್ನೂ ಕಿವಿಯಲ್ಲಿದೆ. ಟಿವಿಯಲ್ಲಿ ಫೋಟೊ ಕಂಡವರೆಲ್ಲ ಹೇಳುತ್ತಿದ್ದದ್ದು ಒಂದೇ: “ಕಂಡ್ರೆ ಹಾಂಗ್ ಕಾಂತಿಲ್ಲ ಅಲ್ದಾ?”

ಈ ಮಾತನ್ನು ನೀವೂ ಕೇಳಿರುತ್ತೀರಿ. ಎಲ್ಲೇ ಭೀಕರ ಅಪರಾಧ ನಡೆಯಲಿ, ಮರುದಿನದ ಸುದ್ದಿಯಲ್ಲಿ ಪಕ್ಕದ ಮನೆಯವರು ಇದನ್ನೇ ಹೇಳುತ್ತಾರೆ. “ಒಳ್ಳೆ ಜನ. ಎದುರು ಸಿಕ್ಕರೆ ಮಾತನಾಡಿಸುತ್ತಿದ್ದ. ನಮಗೆ ಗೊತ್ತೇ ಆಗಲಿಲ್ಲ.” ಅವರು ಸುಳ್ಳು ಹೇಳುತ್ತಿಲ್ಲ. ಹಾಗಾದರೆ ಯಾಕೆ ಗೊತ್ತಾಗುವುದಿಲ್ಲ? ಮುನ್ಸೂಚನೆ ಇರುವುದೇ ಇಲ್ಲವೇ? ಅಥವಾ ಇದ್ದರೂ ನಮ್ಮ ಕಣ್ಣಿಗೆ ಬೀಳುವುದಿಲ್ಲವೇ?

ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ನಮ್ಮ ಕರಾವಳಿಯಲ್ಲೇ ಅದಕ್ಕೊಂದು ದೊಡ್ಡ ಪಾಠವಿದೆ.

ಮೇಷ್ಟ್ರಾಗಿದ್ದವ

ನಾನು ಅಂಗನವಾಡಿಗೆ ಹೋಗುತ್ತಿದ್ದ ಕಾಲದ ಸುದ್ದಿ ಇದು. 2009ರ ಅಕ್ಟೋಬರ್‌ನಲ್ಲಿ ದಕ್ಷಿಣ ಕನ್ನಡ ಪೊಲೀಸರು ಮೋಹನ್ ಕುಮಾರ್ ಎಂಬಾತನನ್ನು ಬಂಧಿಸಿದರು. ಬಂಟ್ವಾಳ ತಾಲೂಕಿನವ. ಪ್ರಾಥಮಿಕ ಶಾಲೆಯ ಶಿಕ್ಷಕನಾಗಿದ್ದವ. ಹೆಂಡತಿ, ಮಕ್ಕಳಿದ್ದ ಸಂಸಾರಸ್ಥ. ಇವತ್ತು ಅವನನ್ನು ಎಲ್ಲರೂ ಗುರುತಿಸುವುದು ‘ಸಯನೈಡ್ ಮೋಹನ’ ಎಂದು. ಅವನ ಮೇಲಿದ್ದದ್ದು 20 ಯುವತಿಯರ ಕೊಲೆಯ ಆರೋಪ. 2013ರ ಡಿಸೆಂಬರ್‌ನಲ್ಲಿ ಮಂಗಳೂರಿನ ನ್ಯಾಯಾಲಯ ಮೊದಲ ಪ್ರಕರಣಗಳಲ್ಲಿ ಗಲ್ಲು ಶಿಕ್ಷೆ ವಿಧಿಸಿತು. ಕೊನೆಯ, ಅಂದರೆ 20ನೇ ಪ್ರಕರಣದ ತೀರ್ಪು ಬಂದದ್ದು 2020ರ ಜೂನ್‌ನಲ್ಲಿ. ನಡುವೆ 2017ರಲ್ಲಿ ಹೈಕೋರ್ಟ್ ಒಂದು ಪ್ರಕರಣದ ಗಲ್ಲು ಶಿಕ್ಷೆಯನ್ನು ಜೀವಾವಧಿಗೆ ಇಳಿಸಿತು. 2023ರಲ್ಲಿ ಬಂದ ‘ದಹಾಡ್’ ಎಂಬ ಹಿಂದಿ ವೆಬ್ ಸರಣಿಗೂ ಇದೇ ಪ್ರಕರಣ ಸ್ಫೂರ್ತಿ ಎನ್ನುತ್ತಾರೆ. ಹಾಸ್ಟೆಲಿನ ಗೆಳೆಯರು ಅದನ್ನು ಒಂದೇ ರಾತ್ರಿಯಲ್ಲಿ ನೋಡಿ ಮುಗಿಸಿದ್ದರು. ಕತೆ ನಮ್ಮ ಪಕ್ಕದ ಜಿಲ್ಲೆಯದ್ದು ಎಂಬುದು ಅವರಲ್ಲಿ ಅರ್ಧ ಜನರಿಗೆ ಗೊತ್ತಿರಲಿಲ್ಲ.

ಅವನ ದಾರಿ ಹೆಚ್ಚುಕಡಿಮೆ ಪ್ರತಿ ಸಲವೂ ಒಂದೇ. ಬಡ ಮನೆಯ, ಮದುವೆಗೆ ವರದಕ್ಷಿಣೆ ಹೊಂದಿಸಲಾಗದ ಯುವತಿಯನ್ನು ಪರಿಚಯ ಮಾಡಿಕೊಳ್ಳುವುದು. ಸರಕಾರಿ ನೌಕರಿ ಇದೆ ಎನ್ನುವುದು. ಬೇರೆ ಬೇರೆ ಹೆಸರು ಹೇಳುವುದು, ಹುಡುಗಿಯ ಜಾತಿಯವನೇ ಎಂದು ನಂಬಿಸುವುದು. ವರದಕ್ಷಿಣೆ ಬೇಡ, ಮದುವೆಯಾಗೋಣ ಎಂದು ಮೈಸೂರು, ಮಡಿಕೇರಿ, ಹಾಸನ, ಬೆಂಗಳೂರಿನಂಥ ದೂರದ ಊರಿಗೆ ಕರೆದೊಯ್ಯುವುದು. ಮರುದಿನ ಬೆಳಗ್ಗೆ ಒಡವೆಗಳನ್ನು ಲಾಡ್ಜಿನಲ್ಲಿಯೇ ಬಿಡಿಸಿ ಬಸ್ ನಿಲ್ದಾಣಕ್ಕೆ ಕರೆತಂದು, ಗರ್ಭ ನಿಲ್ಲದಿರಲು ಎಂದು ಸಯನೈಡ್ ಬೆರೆಸಿದ ಗುಳಿಗೆ ಕೊಡುವುದು. ಶೌಚಾಲಯಕ್ಕೆ ಹೋಗಿ ತೆಗೆದುಕೋ ಎನ್ನುವುದು. ಆಕೆ ಬಾಗಿಲು ಹಾಕಿಕೊಂಡು ನುಂಗುತ್ತಿದ್ದಳು. ಅವನು ಲಾಡ್ಜಿಗೆ ಹಿಂದಿರುಗಿ ಒಡವೆ ಎತ್ತಿಕೊಂಡು ಊರಿಗೆ ಹೋಗುತ್ತಿದ್ದ.

ಇಪ್ಪತ್ತು ಜೀವ. ಅದೂ ಕೆಲವೇ ವರ್ಷಗಳಲ್ಲಿ. ಒಂದೆರಡಾದ ಮೇಲಾದರೂ ಯಾರಿಗೂ ಸಂಶಯ ಬರಲಿಲ್ಲವೇ ಎಂದು ನನಗೆ ಮೊದಲು ಸಿಟ್ಟು ಬಂದಿತ್ತು. ಆಮೇಲೆ ವಿವರಗಳನ್ನು ಓದುತ್ತ ಹೋದಂತೆ ಒಂದು ವಿಷಯ ತಿಳಿಯಿತು. ಸುಳಿವುಗಳಿಗೆ ಬರವೇ ಇರಲಿಲ್ಲ. ಆದರೆ ಒಬ್ಬೊಬ್ಬರ ಬಳಿ ಒಂದೊಂದು ಇತ್ತು.

ತುಂಡು ತುಂಡು ಸುಳಿವು

ಯೋಚಿಸಿ. ಬಸ್ ನಿಲ್ದಾಣದ ಶೌಚಾಲಯ ತೊಳೆಯುವವರಿಗೆ ಒಳಗಿನಿಂದ ಚಿಲಕ ಹಾಕಿದ ಬಾಗಿಲು ಕಂಡಿತ್ತು. ಆ ಊರಿನ ಠಾಣೆಯಲ್ಲಿ ‘ಗುರುತು ಸಿಗದ ಮಹಿಳೆ, ಅಸಹಜ ಸಾವು’ ಎಂಬ ಒಂದು ಸಾಲು ಇತ್ತು. ಲಾಡ್ಜಿನ ರಿಜಿಸ್ಟರಿನಲ್ಲಿ ಒಂದು ಸುಳ್ಳು ಹೆಸರು ಇತ್ತು. ಇನ್ನೂರು, ಮುನ್ನೂರು ಕಿಲೋಮೀಟರ್ ಆಚೆ, ಹುಡುಗಿಯ ಊರಿನಲ್ಲಿ ಮಗಳು ಬರಲಿಲ್ಲ ಎಂದು ಅಳುವ ತಾಯಿ ಇದ್ದಳು. ಈ ಒಂದೊಂದನ್ನೂ ಬಿಡಿಯಾಗಿ ನೋಡಿದರೆ ಕೊಲೆ ಕಾಣುವುದಿಲ್ಲ. ಮೈಸೂರಿನವರಿಗೆ ಅದು ಯಾರೋ ಅನಾಥೆಯ ಆತ್ಮಹತ್ಯೆ. ಊರಿನವರಿಗೆ ಅದು ‘ಓಡಿಹೋದ ಹುಡುಗಿ’. ಶವ ಸಿಕ್ಕಿದ ಪುಸ್ತಕ ಒಂದು ಜಿಲ್ಲೆಯಲ್ಲಿ, ಕಾಣೆಯಾದವರ ಪುಸ್ತಕ ಮತ್ತೊಂದು ಜಿಲ್ಲೆಯಲ್ಲಿ. ಎರಡೂ ಪುಸ್ತಕಗಳನ್ನು ಯಾರೂ ಪಕ್ಕಪಕ್ಕ ಇಟ್ಟು ನೋಡಲಿಲ್ಲ.

ಎರಡನೆಯ ಅಡ್ಡಿ ಮರ್ಯಾದೆ. ಮಗಳು ಯಾರದೋ ಜತೆ ಹೋದಳು ಎಂದರೆ ಊರು ನಗುತ್ತದೆ, ತಂಗಿಯ ಮದುವೆ ನಿಲ್ಲುತ್ತದೆ. ಹಾಗಾಗಿ ‘ಎಲ್ಲೋ ಮದುವೆಯಾಗಿ ಸುಖವಾಗಿರಬಹುದು’ ಎಂದು ಸಮಾಧಾನ ಮಾಡಿಕೊಂಡು ದೂರನ್ನೇ ಕೊಡದ, ತಡವಾಗಿ ಕೊಟ್ಟ ಮನೆಗಳಿದ್ದವು. ಕೊಲೆಗಾರನಿಗೆ ನಮ್ಮ ಸಮಾಜದ ಲೆಕ್ಕ ಚೆನ್ನಾಗಿ ಗೊತ್ತಿತ್ತು. ಯಾವ ಹುಡುಗಿ ಕಾಣೆಯಾದರೆ ಯಾರೂ ಹುಡುಕುವುದಿಲ್ಲ ಎಂಬುದು ಅವನಿಗೆ ತಿಳಿದಿತ್ತು. ಒಂದು ರೀತಿಯಲ್ಲಿ ಅವನನ್ನು ಅಡಗಿಸಿದ್ದು ಅವನ ಮುಖವಲ್ಲ, ನಮ್ಮ ಮೌನ.

ಮೂರನೆಯದು ನಮ್ಮ ತಲೆಯಲ್ಲಿ ಮೊದಲೇ ಸಿದ್ಧವಾಗಿರುವ ಖಳನಾಯಕನ ಚಿತ್ರ. 2009ರ ಜೂನ್‌ನಲ್ಲಿ ಬಂಟ್ವಾಳ ತಾಲೂಕಿನ ಯುವತಿಯೊಬ್ಬಳು ಕಾಣೆಯಾದಾಗ, ಆಕೆಯನ್ನು ಬೇರೆ ಧರ್ಮದ ಯುವಕ ಕರೆದೊಯ್ದಿದ್ದಾನೆ ಎಂಬ ವದಂತಿ ಹಬ್ಬಿತು. ಪ್ರತಿಭಟನೆ ನಡೆಯಿತು. ಊರೆಲ್ಲ ಒಂದು ದಿಕ್ಕಿನಲ್ಲಿ ಹುಡುಕುತ್ತಿದ್ದಾಗ ಅಪರಾಧಿ ಇನ್ನೊಂದು ದಿಕ್ಕಿನಲ್ಲಿ ನೆಮ್ಮದಿಯಾಗಿದ್ದ. ಆದರೆ ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಆ ಒತ್ತಡದಿಂದಲೇ ಪೊಲೀಸರು ಒಬ್ಬ ಬಡ ಹುಡುಗಿ ಕಾಣೆಯಾದ ಪ್ರಕರಣವನ್ನು ಗಂಭೀರವಾಗಿ ತೆಗೆದುಕೊಂಡರು. ಆಕೆಯ ಫೋನ್ ಕರೆಗಳ ಪಟ್ಟಿ ತೆಗೆದರು. ಅದರಲ್ಲಿ ಸಿಕ್ಕಿದ ನಂಬರಿನ ಜಾಡು ಹಿಡಿದರೆ ಅದು ಕಾಣೆಯಾದ ಮತ್ತೊಬ್ಬ ಯುವತಿಯತ್ತ ಹೋಗಿ ನಿಂತಿತು. ಅಲ್ಲಿಂದ ಇನ್ನೊಬ್ಬಳು. ಹೀಗೆ ಸರಪಳಿ ಬಿಚ್ಚಿಕೊಂಡಿತು.

ಅಂದರೆ ಹೊಸ ಸಾಕ್ಷ್ಯವೇನೂ ಆಕಾಶದಿಂದ ಉದುರಲಿಲ್ಲ. ಮೊದಲೇ ಇದ್ದ ತುಂಡುಗಳನ್ನು ಯಾರೋ ಮೊದಲ ಬಾರಿಗೆ ಜೋಡಿಸಿದರು, ಅಷ್ಟೇ. ಕಾಕತಾಳೀಯ ಎಂಬಂತೆ, ದೇಶದ ಎಲ್ಲ ಠಾಣೆಗಳ ದಾಖಲೆಗಳನ್ನು ಕಂಪ್ಯೂಟರ್ ಜಾಲದಲ್ಲಿ ಬೆಸೆಯುವ ‘ಸಿಸಿಟಿಎನ್‌ಎಸ್’ ಯೋಜನೆಗೆ ಕೇಂದ್ರ ಸರಕಾರ ಒಪ್ಪಿಗೆ ಕೊಟ್ಟದ್ದೂ ಅದೇ 2009ರಲ್ಲಿ.

ನಮ್ಮ ರಾಜ್ಯದ ಇನ್ನೊಂದು ಹೆಸರು ಉಮೇಶ್ ರೆಡ್ಡಿ. ಸಿಆರ್‌ಪಿಎಫ್‌ನಲ್ಲಿದ್ದಾಗ ಜಮ್ಮುವಿನಲ್ಲಿ ಹೆಣ್ಣುಮಗಳೊಬ್ಬಳ ಮೇಲೆ ದೌರ್ಜನ್ಯಕ್ಕೆ ಯತ್ನಿಸಿ ಅಲ್ಲಿಂದ ಪರಾರಿಯಾಗಿದ್ದ ಎಂದು ವರದಿಗಳು ಹೇಳುತ್ತವೆ. ಅಂಥವನಿಗೆ 1996ರಲ್ಲಿ ಚಿತ್ರದುರ್ಗದಲ್ಲಿ ಪೊಲೀಸ್ ಕೆಲಸವೇ ಸಿಕ್ಕಿತು! ಒಂದು ಸಮವಸ್ತ್ರದ ಕಡತ ಇನ್ನೊಂದು ಸಮವಸ್ತ್ರದ ಮೇಜಿಗೆ ಬರಲಿಲ್ಲ. ಮುಂದೆ ಅತ್ಯಾಚಾರ ಮತ್ತು ಕೊಲೆ ಪ್ರಕರಣದಲ್ಲಿ ಅವನಿಗೆ ಗಲ್ಲು ಶಿಕ್ಷೆಯಾಯಿತು. 2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಕನಿಷ್ಠ 30 ವರ್ಷಗಳ ಜೈಲುವಾಸಕ್ಕೆ ಬದಲಿಸಿತು. ನಾವು ಒಂದು ಕೆಲಸಕ್ಕೆ ಅರ್ಜಿ ಹಾಕಿದರೆ ಹತ್ತನೇ ತರಗತಿಯ ಅಂಕಪಟ್ಟಿಯಿಂದ ಹಿಡಿದು ಎಲ್ಲವನ್ನೂ ಪರಿಶೀಲಿಸುತ್ತಾರೆ. ಅವತ್ತು ಒಂದು ಫೋನ್ ಕರೆ ಮಾಡಿದ್ದರೆ ಸಾಕಿತ್ತು.

ಹೊಗೆ ತುಂಬಿದ ಕೋಣೆ

ಇದು ನಮ್ಮ ದೇಶದ ದೋಷ ಮಾತ್ರವೇ? ಅಲ್ಲ. 1968ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞರಾದ ಲಟಾನೆ ಮತ್ತು ಡಾರ್ಲಿ ಒಂದು ಸರಳ ಪ್ರಯೋಗ ಪ್ರಕಟಿಸಿದರು. ಕೋಣೆಯಲ್ಲಿ ಕುಳಿತು ಒಂದು ಅರ್ಜಿ ತುಂಬುತ್ತಿರುವಾಗ ಗೋಡೆಯ ಕಿಂಡಿಯಿಂದ ಹೊಗೆ ಬರತೊಡಗುತ್ತದೆ. ಒಬ್ಬರೇ ಕುಳಿತಿದ್ದಾಗ ನೂರಕ್ಕೆ 75 ಮಂದಿ ಎದ್ದು ಹೋಗಿ ತಿಳಿಸಿದರು. ಆದರೆ ಪಕ್ಕದಲ್ಲಿ, ಏನೂ ಆಗದವರಂತೆ ಬರೆಯುತ್ತಲೇ ಇರಬೇಕೆಂದು ಮೊದಲೇ ಹೇಳಿ ಕೂರಿಸಿದ್ದ ಇಬ್ಬರಿದ್ದಾಗ ತಿಳಿಸಿದವರು ನೂರಕ್ಕೆ 10 ಮಾತ್ರ! ಉಳಿದವರು ಕಣ್ಣುಜ್ಜಿಕೊಂಡು, ಕೆಮ್ಮುತ್ತ, ಕೈಯಿಂದ ಹೊಗೆ ಸರಿಸುತ್ತ ಬರೆಯುತ್ತಿದ್ದರು.

ನೆನಪಿಡಿ, ಅವರಿಗೆ ಹೊಗೆ ಕಾಣಲಿಲ್ಲ ಎಂದಲ್ಲ. ಪಕ್ಕದವರ ಮುಖ ನೋಡಿ, ‘ಅವರೇ ಸುಮ್ಮನಿದ್ದಾರೆ, ಇದೇನೂ ದೊಡ್ಡದಲ್ಲ’ ಎಂದುಕೊಂಡರು. ಕ್ಲಾಸಿನಲ್ಲಿ ಪಾಠ ಅರ್ಥವಾಗದಿದ್ದರೂ ನಾವು ಸುತ್ತ ನೋಡಿ ಸುಮ್ಮನಾಗುತ್ತೇವಲ್ಲ, ಅದೇ ಇದು. ಎಲ್ಲರೂ ಎಲ್ಲರನ್ನು ನೋಡಿ ಸುಮ್ಮನಿರುವುದು.

ಗೌರವದ ಕೆಲಸದಲ್ಲಿರುವವರ ಮೇಲೆ ಸಂಶಯ ಬಂದರಂತೂ ನಾಲಗೆ ಇನ್ನೂ ಗಂಟಲಲ್ಲೇ ಉಳಿಯುತ್ತದೆ. ಇಂಗ್ಲೆಂಡಿನ ಹೈಡ್ ಎಂಬ ಊರಿನ ವೈದ್ಯ ಹೆರಾಲ್ಡ್ ಶಿಪ್‌ಮನ್ ತನ್ನ ರೋಗಿಗಳಿಗೇ ಮಾರ್ಫಿನ್ ಮಾದರಿಯ ಚುಚ್ಚುಮದ್ದು ಕೊಟ್ಟು ಕೊಲ್ಲುತ್ತಿದ್ದ. ಸರಕಾರಿ ತನಿಖಾ ಆಯೋಗ ಗುರುತಿಸಿದ ಬಲಿಗಳ ಸಂಖ್ಯೆ 215. ಮಾದಕ ಔಷಧಕ್ಕಾಗಿ ಸುಳ್ಳು ಚೀಟಿ ಬರೆದು 1976ರಲ್ಲೇ ಶಿಕ್ಷೆಗೊಳಗಾಗಿದ್ದವ, ದಂಡ ಕಟ್ಟಿ ಮತ್ತೆ ವೈದ್ಯವೃತ್ತಿಗೆ ಮರಳಿದ್ದ. ವಯಸ್ಸಾದ ಮಹಿಳೆಯರನ್ನು ಕರೆದೊಯ್ಯುತ್ತಿದ್ದ ಟ್ಯಾಕ್ಸಿ ಚಾಲಕನೊಬ್ಬ ತನ್ನ ಗಿರಾಕಿಗಳು ಒಬ್ಬೊಬ್ಬರಾಗಿ ಸಾಯುವುದನ್ನು ಗಮನಿಸಿ ಹೆಸರುಗಳ ಪಟ್ಟಿಯನ್ನೇ ಮಾಡಿದ್ದ. ಅದರಲ್ಲಿ 21 ಹೆಸರುಗಳಿದ್ದವು. ಆದರೆ ಡಾಕ್ಟರ ಮೇಲೆ ಟ್ಯಾಕ್ಸಿಯವನ ಮಾತು ಯಾರು ನಂಬುತ್ತಾರೆ ಎಂದು ಬಹಳ ಕಾಲ ಹಿಂಜರಿದ. 1998ರ ಮಾರ್ಚ್‌ನಲ್ಲಿ ಎದುರಿನ ಕ್ಲಿನಿಕ್ಕಿನ ವೈದ್ಯೆ ಲಿಂಡಾ ರೆನಾಲ್ಡ್ಸ್ ಧೈರ್ಯ ಮಾಡಿ ಅಧಿಕಾರಿಗೆ ತಿಳಿಸಿದರು. ಪೊಲೀಸರು ಅರೆಬರೆ ವಿಚಾರಿಸಿ ಕೈಬಿಟ್ಟರು. ಅದಾದ ಮೇಲೆ, ಬಂಧನಕ್ಕೆ ಮುನ್ನ, ಇನ್ನೂ ಮೂವರು ಸತ್ತರು.

ಬಂಟ್ವಾಳದಲ್ಲಿ ‘ಮೇಷ್ಟ್ರು’, ಹೈಡ್‌ನಲ್ಲಿ ‘ಡಾಕ್ಟ್ರು’. ಪದ ಬೇರೆ, ಪರದೆ ಒಂದೇ.

ಹಾಗಾದರೆ ಎಲ್ಲರನ್ನೂ ಸಂಶಯಿಸುವುದೇ?

ಇಲ್ಲಿಯವರೆಗೆ ಓದಿದವರಿಗೆ ಹೀಗನ್ನಿಸಬಹುದು: ಇನ್ನು ಮುಂದೆ ವಿಚಿತ್ರವಾಗಿ ಕಾಣುವವರ ಮೇಲೆಲ್ಲ ಕಣ್ಣಿಡಬೇಕು. ದಯವಿಟ್ಟು ಹಾಗೆ ಮಾಡಬೇಡಿ. ಯಾಕೆಂದು ಒಂದು ಸಣ್ಣ ಲೆಕ್ಕ ಹೇಳುತ್ತೇನೆ. ನಮ್ಮ ಮ್ಯಾಥ್ಸ್ ಪೇಪರಿನ ಸಂಭವನೀಯತೆಯ ಪಾಠ ಮೊದಲ ಬಾರಿಗೆ ನನಗೆ ಉಪಯೋಗಕ್ಕೆ ಬಂದದ್ದು ಇಲ್ಲೇ.

ಹತ್ತು ಸಾವಿರ ಜನರ ಒಂದು ಊರು ಎಂದುಕೊಳ್ಳಿ. ಅದರಲ್ಲಿ ನಿಜವಾಗಿಯೂ ಕೊಲೆ ಮಾಡಬಲ್ಲವ ಒಬ್ಬನೇ ಇದ್ದಾನೆ. ಮುಖ, ಮಾತು, ನಡವಳಿಕೆ ನೋಡಿ ಅಪಾಯಕಾರಿಯನ್ನು ಗುರುತಿಸುವ ಒಂದು ಯಂತ್ರ ನಮ್ಮಲ್ಲಿದೆ. ನೂರಕ್ಕೆ 99 ಸಲ ಅದು ಸರಿ. ಅದ್ಭುತ ಯಂತ್ರ ಅಲ್ಲವೇ? ಈಗ ಊರಿನವರನ್ನೆಲ್ಲ ಅದರ ಮುಂದೆ ನಿಲ್ಲಿಸಿ. ಆ ಒಬ್ಬನನ್ನು ಅದು ಬಹುತೇಕ ಹಿಡಿಯುತ್ತದೆ. ಜತೆಗೆ ನೂರಕ್ಕೆ ಒಂದರ ತಪ್ಪಿನಂತೆ ಸುಮಾರು ನೂರು ನಿರಪರಾಧಿಗಳನ್ನೂ ಹಿಡಿಯುತ್ತದೆ! ಯಂತ್ರ ಬೊಟ್ಟು ಮಾಡಿದ 101 ಜನರಲ್ಲಿ ಅಪರಾಧಿ ಒಬ್ಬನೇ. ಇನ್ನು ನಮ್ಮ ಕಣ್ಣು ನೂರಕ್ಕೆ 99ರಷ್ಟು ಸರಿಯಾದ ಯಂತ್ರವೂ ಅಲ್ಲ. ಅದರಲ್ಲಿ ಜಾತಿ, ಧರ್ಮ, ಬಟ್ಟೆ, ಭಾಷೆ, ಎಲ್ಲದರ ಧೂಳು ಕೂತಿದೆ.

ಇದು ಬರೀ ಲೆಕ್ಕವಲ್ಲ. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಔರಾದ್ ತಾಲೂಕಿನಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟರೆಂಬ ಕಾರಣಕ್ಕೆ ಹೈದರಾಬಾದಿನಿಂದ ಬಂದಿದ್ದ ಯುವಕರನ್ನು ಮಕ್ಕಳ ಕಳ್ಳರೆಂದು ಶಂಕಿಸಿ ಅಟ್ಟಿಸಿಕೊಂಡು ಹೋದರು. ವಾಟ್ಸ್‌ಆ್ಯಪ್‌ನಲ್ಲಿ ಸುದ್ದಿ ಹಬ್ಬಿತು. ಗುಂಪು ಸೇರಿತು. ಒಬ್ಬ ಯುವ ಎಂಜಿನಿಯರ್ ಅಲ್ಲೇ ಹತನಾದ. ಅವನು ಮಾಡಿದ ತಪ್ಪು, ಮಕ್ಕಳ ಜತೆ ಸಲಿಗೆಯಿಂದ ವರ್ತಿಸಿದ್ದು. ‘ಮುನ್ಸೂಚನೆ’ ಓದಿದವರು ಆ ದಿನ ತಾವೇ ಕೊಲೆಗಾರರಾದರು.

ಹಾಗಾಗಿ ‘ಇವನು ಎಂಥವನು’ ಎಂಬ ಪ್ರಶ್ನೆಯೇ ತಪ್ಪು ಎಂದು ನನಗೆ ಅನ್ನಿಸುತ್ತದೆ. ಅದಕ್ಕೆ ಉತ್ತರ ನಮ್ಮ ಬಳಿ ಇರುವುದಿಲ್ಲ. ನಾವು ಕೇಳಬಹುದಾದ ಪ್ರಶ್ನೆಗಳು ಇನ್ನೂ ಸಣ್ಣವು. ಇವನು ಈಗ ಮಾಡುತ್ತಿರುವುದು ಸರಿಯೇ? ಇದರಿಂದ ಯಾರಾದರೂ ಹೆದರುತ್ತಿದ್ದಾರೆಯೇ? ಹೆದರಿದವರನ್ನು ಯಾರಾದರೂ ಮಾತನಾಡಿಸಿದ್ದಾರೆಯೇ? ಈ ಪ್ರಶ್ನೆಗಳಿಗೆ ಯಂತ್ರ ಬೇಡ, ಮನಃಶಾಸ್ತ್ರದ ಡಿಗ್ರಿಯೂ ಬೇಡ. ಯಾವ ನಿರಪರಾಧಿಗೂ ಇದರಿಂದ ಪೆಟ್ಟು ಬೀಳುವುದಿಲ್ಲ.

ಪಟ್ಟಿಯಲ್ಲಿ ನನ್ನ ನಂಬರ್

ಈಗ ನನ್ನ ಕತೆಗೆ ಬರುತ್ತೇನೆ.

ಆ ಸಂಜೆ ಗೆಳೆಯ ನನ್ನ ಫೋನಿನಿಂದ ಕರೆ ಮಾಡಿದ್ದು ಬೇರೆ ಬ್ರಾಂಚಿನ ಒಬ್ಬ ಹುಡುಗಿಗೆ. ಆಕೆ ಇವನ ನಂಬರನ್ನು ಬ್ಲಾಕ್ ಮಾಡಿದ್ದಳು. ಅದು ನನಗೆ ಆಗ ಗೊತ್ತಿರಲಿಲ್ಲ ಎಂದು ಬರೆಯಬಹುದಿತ್ತು. ಆದರೆ ಅರ್ಧ ಗೊತ್ತಿತ್ತು. ‘ಸಣ್ಣ ಜಗಳ, ಸರಿಯಾಗ್ತದೆ’ ಎಂದು ಅವನೇ ಹೇಳಿದ್ದ. ಅದಾದ ಮೇಲೂ ಎರಡು ಮೂರು ಸಲ ಫೋನ್ ಕೇಳಿದ. ಕೊಟ್ಟೆ. ಹಿಂದಿನಿಂದ ತಮಾಷೆಯೂ ಮಾಡಿದೆ. ಸಿನಿಮಾದಲ್ಲಿ ನಾಯಕ ಮಾಡುವುದೂ ಇದನ್ನೇ ಅಲ್ಲವೇ? ಬೇಡ ಎಂದಷ್ಟೂ ಹಿಂದೆ ಬೀಳುವುದು, ಕೊನೆಗೆ ಗೆಲ್ಲುವುದು.

ಎರಡು ತಿಂಗಳ ನಂತರ ಒಂದು ಸಂಜೆ ಬಸ್ ನಿಲ್ದಾಣದಲ್ಲಿ ಅವನು ಆಕೆಯನ್ನು ಅಡ್ಡಗಟ್ಟಿದ. ಫೋನ್ ಕಿತ್ತು ನೆಲಕ್ಕೆ ಎಸೆದ. ಕೈ ತಿರುಚಿದ. ಸುತ್ತ ನಲವತ್ತು ಜನರಾದರೂ ಇದ್ದೆವು. ಹೊಗೆ ತುಂಬಿದ ಕೋಣೆಯಂತೆ ಎಲ್ಲರೂ ಎಲ್ಲರ ಮುಖ ನೋಡುತ್ತಿದ್ದೆವು. ಕುಂದಾಪುರ ಕಡೆ ಹೊರಟಿದ್ದ ಬಸ್ಸಿನ ಕಂಡಕ್ಟರ್ ಒಬ್ಬರು ಇಳಿದು ಬಂದರು. ಅವರು ಹುಡುಗನನ್ನು ಹೊಡೆಯಲಿಲ್ಲ, ಬೈಯಲೂ ಇಲ್ಲ. ಇಬ್ಬರ ನಡುವೆ ಬಂದು ನಿಂತು ಹುಡುಗಿಯನ್ನು ಕೇಳಿದರು: “ಎಂತ ಆಯ್ತ್ ತಂಗಿ?”

ಅಷ್ಟೇ. ಆಕೆ ಅತ್ತಳು. ಅವನು ಹಿಂದೆ ಸರಿದ.

ಆಮೇಲೆ ಹುಡುಗಿಯ ಅಪ್ಪ ಕಾಲೇಜಿಗೆ ಬಂದರು. ಆಕೆಯ ಒಡೆದ ಫೋನ್ ರಿಪೇರಿ ಮಾಡಿಸಿ ಕರೆಗಳ ಪಟ್ಟಿ ಬರೆದು ತಂದಿದ್ದರು. ಬೇರೆ ಬೇರೆ ನಂಬರುಗಳಿಂದ ಬಂದ ಕರೆಗಳು. ಅದರಲ್ಲಿ ನನ್ನ ನಂಬರ್ ಇತ್ತು. ಉಪನ್ಯಾಸಕರೊಬ್ಬರು ನನ್ನನ್ನು ಕರೆದು “ಇದು ನಿಂದಾ?” ಎಂದು ಕೇಳಿದಾಗ ನನ್ನ ಬಾಯಿ ಒಣಗಿತು. ಪಕ್ಕದಲ್ಲಿ ಆ ಅಪ್ಪ ನಿಂತಿದ್ದರು. ಅವರು ನನ್ನನ್ನು ನೋಡಿದ ರೀತಿ ನಾನು ಸಾಯುವವರೆಗೆ ಮರೆಯುವುದಿಲ್ಲ. ಅವರ ಕಣ್ಣಿಗೆ ನಾನೂ ಅವರಲ್ಲೊಬ್ಬ.

ಆ ವಾರ ನಾವು ಗೆಳೆಯರು ಮಾತನಾಡುತ್ತ ಕುಳಿತಾಗ ಒಬ್ಬೊಬ್ಬರ ಜೇಬಿನಿಂದ ಒಂದೊಂದು ತುಂಡು ಹೊರಬಂತು. ಅವನು ತನ್ನ ಊರಿನ ಬಸ್ ಬಿಟ್ಟು ಆಕೆಯ ಬಸ್ ಹತ್ತುತ್ತಿದ್ದುದನ್ನು ಒಬ್ಬ ನೋಡಿದ್ದ. ಆಕೆಯ ಹೆಸರಿನಲ್ಲಿ ಅವನು ನಕಲಿ ಇನ್‌ಸ್ಟಾಗ್ರಾಂ ಖಾತೆ ಮಾಡಿದ್ದು ಇನ್ನೊಬ್ಬನಿಗೆ ಗೊತ್ತಿತ್ತು. ಆಕೆ ಲೈಬ್ರರಿಗೆ ಬರುವುದನ್ನು ನಿಲ್ಲಿಸಿದ್ದು ಆಕೆಯ ಗೆಳತಿಗೆ ಗೊತ್ತಿತ್ತು. ಹಾಜರಾತಿ ಇಳಿಯುತ್ತಿರುವುದು ಉಪನ್ಯಾಸಕರಿಗೆ ಗೊತ್ತಿತ್ತು, ‘ಓದಿನಲ್ಲಿ ಆಸಕ್ತಿ ಇಲ್ಲ’ ಎಂದು ಅವರು ಭಾವಿಸಿದ್ದರು. ಜೇಬಿನಲ್ಲಿ ಮಿನುಗಿದ ಫೋನ್ ನನಗೆ ಗೊತ್ತಿತ್ತು. ಎಲ್ಲವೂ ಇತ್ತು. ಜೋಡಿಸುವವರಿರಲಿಲ್ಲ.

ಹುಡುಗಿ ಆ ಕಾಲೇಜು ಬಿಟ್ಟಳು. ಓದು ಒಂದು ವರ್ಷ ಹಿಂದೆ ಬಿತ್ತು ಎಂದು ಕೇಳಿದೆ. ಹುಡುಗನ ಮನೆಯವರನ್ನು ಕರೆಸಿ, ಕ್ಷಮಾಪಣೆ ಬರೆಸಿಕೊಂಡು, ಕೌನ್ಸೆಲಿಂಗ್‌ಗೆ ಕಳುಹಿಸಿದರು. ತಪ್ಪು ಮಾಡಿದವ ಓದು ಮುಂದುವರಿಸಿದ, ಮಾಡದವಳು ಊರು ಬದಲಿಸಿದಳು. ಇದು ನ್ಯಾಯವೇ ಎಂದು ನೀವು ಕೇಳಿದರೆ ನನ್ನ ಬಳಿ ಉತ್ತರವಿಲ್ಲ.

ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ನನ್ನ ಗೆಳೆಯ ಕೊಲೆಗಾರನಲ್ಲ. ಅವನನ್ನು ಮೋಹನನ ಪಕ್ಕ ನಿಲ್ಲಿಸಲು ನಾನಿದನ್ನು ಬರೆಯುತ್ತಿಲ್ಲ. ಹಿಂಬಾಲಿಸಿದವರೆಲ್ಲ ಕೊಲೆ ಮಾಡುವುದಿಲ್ಲ. ಆದರೆ ಅವನು ಮುಂದೆ ಏನಾಗುತ್ತಾನೆ ಎಂದು ಊಹಿಸುವ ಅಗತ್ಯವೇ ನನಗಿರಲಿಲ್ಲ. ಅವತ್ತು ಅವನು ಮಾಡುತ್ತಿದ್ದುದೇ ತಪ್ಪಾಗಿತ್ತು. ಅಷ್ಟು ತಿಳಿಯಲು ನನಗೆ ಬೇಕಿದ್ದುದು ಒಂದೇ ಪ್ರಶ್ನೆ: “ಯಾರಿಗೆ ಫೋನ್?”

ನಾವೇನು ಮಾಡಬಹುದು?

ಉಪದೇಶ ಮಾಡುವ ಯೋಗ್ಯತೆ ನನಗಿಲ್ಲ. ಕಲಿತದ್ದನ್ನಷ್ಟೇ ಹೇಳುತ್ತೇನೆ.

ಬೇಡ ಎಂದ ಮೇಲೂ ಮತ್ತೆ ಮತ್ತೆ ಸಂಪರ್ಕಿಸುವುದು, ಹಿಂಬಾಲಿಸುವುದು, ಆಕೆ ಇಂಟರ್‌ನೆಟ್‌ನಲ್ಲಿ ಏನು ಮಾಡುತ್ತಾಳೆಂದು ಕಣ್ಣಿಡುವುದು ‘ಪ್ರೀತಿ’ ಅಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ ಪ್ರಕಾರ ಅದು ಅಪರಾಧ. ಮೊದಲ ಸಲಕ್ಕೆ ಮೂರು ವರ್ಷದವರೆಗೆ, ಮತ್ತೆ ಮಾಡಿದರೆ ಐದು ವರ್ಷದವರೆಗೆ ಜೈಲು. ಅದಕ್ಕೂ ಮೊದಲಿನ ಕಾನೂನಿಗೆ ಇಂಥದ್ದೇ ಸೆಕ್ಷನ್ ಸೇರಿದ್ದು 2013ರಲ್ಲಿ. ಗೆಳೆಯನಿಗೆ ಇದನ್ನು ಹೇಳುವುದು ದ್ರೋಹವಲ್ಲ. ಅವನ ಬದುಕು ಹಾಳಾಗುವ ಮೊದಲು ಹೇಳುವವನೇ ಗೆಳೆಯ.

ಯಾರಾದರೂ ಕಾಣೆಯಾದರೆ 24 ಗಂಟೆ ಕಾಯಬೇಕು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಹಾಗೆ ಯಾವ ಕಾನೂನೂ ಹೇಳಿಲ್ಲ. ತಕ್ಷಣ ಠಾಣೆಗೆ ಹೋಗಬಹುದು. ಘಟನೆ ಬೇರೆ ಠಾಣೆಯ ವ್ಯಾಪ್ತಿಯಲ್ಲಿ ನಡೆದಿದ್ದರೂ ‘ಜೀರೊ ಎಫ್‌ಐಆರ್’ ದಾಖಲಿಸಬಹುದು. ಮೈಸೂರಿನ ಶವಕ್ಕೂ ಬಂಟ್ವಾಳದ ತಾಯಿಗೂ ನಡುವೆ ಇದ್ದ ಗೋಡೆ ಒಡೆಯಲು ಇದೊಂದು ದಾರಿ. ತುರ್ತಿಗೆ 112, ಮಹಿಳಾ ಸಹಾಯವಾಣಿ 181, ಆನ್‌ಲೈನ್ ವಂಚನೆಗೆ 1930. ಈ ಮೂರು ನಂಬರ್ ಫೋನಿನಲ್ಲಿರಲಿ. ಪ್ರತಿ ಕಾಲೇಜಿನಲ್ಲೂ ಆಂತರಿಕ ದೂರು ಸಮಿತಿ ಇರಬೇಕು. ನಿಮ್ಮ ಕಾಲೇಜಿನದ್ದರಲ್ಲಿ ಯಾರಿದ್ದಾರೆ ಗೊತ್ತೇ? ನನಗೂ ಗೊತ್ತಿರಲಿಲ್ಲ.

ಕೆಲಸ ಹುಡುಕುತ್ತಿರುವ ಗೆಳೆಯ ಗೆಳತಿಯರಿಗೆ ಇನ್ನೊಂದು ಮಾತು. ಮೋಹನ ತೋರಿಸಿದ ಆಮಿಷ ಸರಕಾರಿ ನೌಕರಿಯ ಗಂಡ. ಇವತ್ತಿನ ಆಮಿಷ ವಿದೇಶದ ಕೆಲಸವೋ, ಕಂಪನಿಯ ಇಂಟರ್‌ವ್ಯೂವೋ ಆಗಿರಬಹುದು. ‘ಮನೆಯಲ್ಲಿ ಈಗಲೇ ಹೇಳಬೇಡ’ ಎಂದು ಯಾರಾದರೂ ಹೇಳಿದರೆ ಅಲ್ಲೇ ನಿಲ್ಲಿ. ಎಲ್ಲಿಗೆ, ಯಾರ ಜತೆ, ಯಾವಾಗ ಬರುತ್ತೇನೆ ಎಂಬುದು ಒಬ್ಬರಿಗಾದರೂ ಗೊತ್ತಿರಲಿ. ಹಾಗೆ ಹೇಳಿಕೊಳ್ಳಲು ಆಗುವಂಥ ವಾತಾವರಣವನ್ನು ಮನೆಯವರೂ ಇಡಬೇಕು. ‘ಊರಿನವರು ಏನೆನ್ನುತ್ತಾರೆ’ ಎಂಬ ಹೆದರಿಕೆ ಆ ಇಪ್ಪತ್ತು ಮನೆಗಳಲ್ಲಿ ಸ್ವಲ್ಪ ಕಡಿಮೆ ಇದ್ದಿದ್ದರೆ, ಹುಡುಕಾಟ ಮೊದಲೇ ಶುರುವಾಗುತ್ತಿತ್ತೇನೋ.

ನಮ್ಮ ಅಮ್ಮ ಮೊದಲೆಲ್ಲ “ನಮ್ಗೆಂತಕ್ಕ್ ಊರಿನ್ ಉಸಾಬರಿ?” ಎನ್ನುತ್ತಿದ್ದರು. ಗೆಳೆಯನ ವಿಷಯ ತಿಳಿದ ಮೇಲೆ ಹಾಗೆ ಹೇಳುವುದನ್ನು ಬಿಟ್ಟಿದ್ದಾರೆ. “ಅಂವ ಹಾಂಗ್ ಕಾಂತಿರ್ಲಿಲ್ಲ” ಎಂದು ಅವರೂ ಹೇಳಿದ್ದರು. ಹೌದು, ಕಾಣುತ್ತಿರಲಿಲ್ಲ. ಕಾಣಬೇಕಿದ್ದದ್ದು ಅವನ ಮುಖದಲ್ಲಿರಲಿಲ್ಲ, ಆಕೆಯ ಮುಖದಲ್ಲಿತ್ತು. ಆ ಕಡೆ ನಾವು ನೋಡಲೇ ಇಲ್ಲ.

ಮೊನ್ನೆ ಕಾಲೇಜಿನಲ್ಲಿ ಜೂನಿಯರ್ ಒಬ್ಬ “ಅಣ್ಣ, ಒಂದ್ ಕಾಲ್ ಮಾಡ್ಕ್, ಫೋನ್ ಕೊಡಿ” ಎಂದ. ಫೋನ್ ಕೈಗೆ ಕೊಡುವ ಮೊದಲು “ಯಾರಿಗೆ?” ಎಂದು ಕೇಳಿದೆ. ಅವನು ನಕ್ಕು “ಅಮ್ಮಂಗೆ, ಬಸ್ ತಪ್ಪಿತ್” ಎಂದ. ಕೊಟ್ಟೆ. ಅವನಿಗೆ ಬೇಸರವೇನೂ ಆಗಲಿಲ್ಲ. ಕೇಳುವುದು ಇಷ್ಟು ಸುಲಭ ಎಂದು ಅವತ್ತೇ ಗೊತ್ತಿದ್ದರೆ!